ಡಿಬಿಎ ಕಲಿಯೋದು ಎಲ್ಲಿಂದ ಶುರು ಮಾಡಬೇಕು? ಬೊಂಬೆ ಸೇನೆಯ ಯುದ್ಧದಾಟಕ್ಕೆ ಹೊಸಬರಿಗೊಂದು ದಾರಿ

"ಪುಸ್ತಕ ತರಿಸಿಕೊಂಡೆ, ನಾಲ್ಕು ಪುಟ ಓದುವಷ್ಟರಲ್ಲಿ ತಲೆ ಕೆಟ್ಟಿತು, ಮುಂದೇನು ಮಾಡಲಿ?" ಡಿಬಿಎ ಬಗ್ಗೆ ನನ್ನನ್ನು ಕೇಳುವವರಲ್ಲಿ ಬಹಳ ಜನ ಕೇಳುವುದು ಇದನ್ನೇ. ಉಳಿದವರು ಯಾವ ಬೊಂಬೆ ಕೊಳ್ಳಲಿ ಅಂತ ಕೇಳುತ್ತಾರೆ. ಇಬ್ಬರಿಗೂ ನಾನು ಹೇಳೋದು ಒಂದೇ. ಪುಸ್ತಕವನ್ನು ಮೊದಲ ಪುಟದಿಂದ ಓದಬೇಡಿ, ಬೊಂಬೆಯನ್ನು ಈಗಲೇ ಕೊಳ್ಳಬೇಡಿ. ಒಂದಿಷ್ಟು ರಟ್ಟು ಕತ್ತರಿಸಿಕೊಂಡು ಒಂದೊಂದೇ ನಿಯಮವನ್ನು ಮೇಜಿನ ಮೇಲೆ ಆಡಿ ನೋಡಿ. ಅದು ಹೇಗೆ ಅನ್ನೋದನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಈ ಲೋಕಕ್ಕೇ ಹೊಸಬರಾದವರಿಗೆ ಒಂದೆರಡು ಮಾತು. ಐತಿಹಾಸಿಕ ಮಿನಿಯೇಚರ್ ವಾರ್‌ಗೇಮ್ ಅಂದರೆ ಹಳೆಯ ಕಾಲದ ಸೇನೆಗಳನ್ನು ಪುಟ್ಟ ಬೊಂಬೆಗಳಲ್ಲಿ ಕಟ್ಟಿಕೊಂಡು, ಮೇಜಿನ ಮೇಲೆ ಯುದ್ಧ ಆಡುವುದು. ಚೆಸ್ ಹಲಗೆಯಲ್ಲಿರುವಂತೆ ಇಲ್ಲಿ ಮನೆಗಳಿಲ್ಲ. ಎಷ್ಟು ದೂರ ನಡೆಯಬಹುದು ಅನ್ನೋದನ್ನು ಅಳತೆಪಟ್ಟಿ ಹೇಳುತ್ತದೆ, ಕಾದಾಟದಲ್ಲಿ ಯಾರು ಗೆದ್ದರು ಅನ್ನೋದನ್ನು ದಾಳ ಹೇಳುತ್ತದೆ. ಇದಕ್ಕೆ ಉದ್ದದ ಚರಿತ್ರೆಯೇ ಇದೆ. 1824ರಲ್ಲಿ ಪ್ರಷ್ಯಾದ ಸೇನೆ ತನ್ನ ಅಧಿಕಾರಿಗಳ ತರಬೇತಿಗೆ 'ಕ್ರೀಗ್ಸ್‌ಶ್ಪೀಲ್' ಅನ್ನುವ ಯುದ್ಧದಾಟವನ್ನು ತೆಗೆದುಕೊಂಡಿತು. 1913ರಲ್ಲಿ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದರು.

ಡಿಬಿಎ ಅಂದರೆ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್'. ಬ್ರಿಟನ್ನಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ ಇದನ್ನು 1990ರಲ್ಲಿ ಹೊರತಂದಿತು, ಬರೆದವರಲ್ಲಿ ಮುಖ್ಯರು ಫಿಲ್ ಬಾರ್ಕರ್. ಕ್ರಿಸ್ತಪೂರ್ವ 3000ದಿಂದ ಸುಮಾರು ಕ್ರಿ.ಶ. 1500ರವರೆಗಿನ ಸೇನೆಗಳು ಇದರಲ್ಲಿವೆ. ಯಾವ ಸೇನೆ ಇರಲಿ, ಕಡೆಗೆ 12 ತುಂಡು ಅಷ್ಟೇ. ಒಂದು ಆಟ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ, ಎರಡು ಅಡಿ ಚದರದ ಜಾಗ ಸಾಕು. ಹೊಸಬರು ಇದರಿಂದಲೇ ಶುರು ಮಾಡಲಿ ಅಂತ ನಾನು ಹೇಳೋದು ಇದಕ್ಕೇ. ಹಾಗಂತ ಬರವಣಿಗೆ ಸುಲಭ ಇದೆ ಅಂತ ಅಲ್ಲ. ಬಾರ್ಕರ್ ಅವರ ವಾಕ್ಯಗಳು ಎಷ್ಟು ಬಿಗಿ ಅಂದರೆ, ಆಟಗಾರರು ಅದಕ್ಕೆ 'ಬಾರ್ಕರೀಸ್' ಅಂತಲೇ ಹೆಸರಿಟ್ಟಿದ್ದಾರೆ. ಒಂದು ಪದ ಬಿಟ್ಟು ಓದಿದರೂ ಅರ್ಥ ಬದಲಾಗುತ್ತದೆ.

ಮೊದಲು ಇಷ್ಟು ಜೋಡಿಸಿಕೊಳ್ಳಿ

ನಿಯಮ ಪುಸ್ತಕ ಒಂದು ಬೇಕೇ ಬೇಕು. ಈಗಿನದು 2014ರಲ್ಲಿ ಬಂದ 3.0 ಆವೃತ್ತಿ. ಅದಕ್ಕೂ ಮುಂಚೆ 2004ರ 2.2 ಇತ್ತು, ಅದನ್ನು ಆಡುವವರು ಈಗಲೂ ಇದ್ದಾರೆ. ಇಲ್ಲೇ ಮೊದಲ ಎಚ್ಚರಿಕೆ: ಎರಡನ್ನೂ ಬೆರೆಸಬೇಡಿ. 2.2ರಲ್ಲಿ ದೂರವನ್ನು ಹೆಜ್ಜೆಗಳಲ್ಲಿ ಹೇಳುತ್ತಾರೆ, 3.0ದಲ್ಲಿ ಬೇಸ್ ಅಗಲದಲ್ಲಿ, ಅಂದರೆ ಬೊಂಬೆ ನಿಲ್ಲಿಸುವ ಚಪ್ಪಟೆ ತಳದ ಅಗಲದಲ್ಲಿ ಹೇಳುತ್ತಾರೆ. ವಿಡಿಯೋ ಒಂದು ಆವೃತ್ತಿಯದು, ಕೈಯಲ್ಲಿರುವ ಪುಸ್ತಕ ಇನ್ನೊಂದು, ಹೀಗಾಗಿ ವಾರಗಟ್ಟಲೆ ಗೊಂದಲದಲ್ಲಿ ಬಿದ್ದವರನ್ನು ನೋಡಿದ್ದೇನೆ. ಯಾವುದೇ ವಿಡಿಯೋ, ಯಾವುದೇ ಸಾರಾಂಶದ ಹಾಳೆ ತೆಗೆದರೂ ಅದು ಯಾವ ಆವೃತ್ತಿಯದು ಅಂತ ಮೊದಲು ನೋಡಿ. ನಾನಿಲ್ಲಿ ಹೇಳುವುದು 3.0.

ಇನ್ನು ಬೇಕಾದದ್ದು ಎರಡು ದಾಳ, ಒಂದು ಅಡಿಪಟ್ಟಿ, ಕತ್ತರಿ, ಪೆನ್ನು, ದಪ್ಪ ರಟ್ಟು. ದಾಳಕ್ಕೆ ಲೂಡೋ ಡಬ್ಬಿ ಹುಡುಕಿ. ರಟ್ಟಿಗೆ ಮನೆಯಲ್ಲಿ ಬಿದ್ದಿರುವ ಹಳೆ ಮದುವೆ ಕರೆಯೋಲೆಗಳಷ್ಟು ಒಳ್ಳೆಯದು ಬೇರೆ ಇಲ್ಲ. ಗಟ್ಟಿಯಾಗಿರುತ್ತವೆ, ಅಂಚು ನೇರವಾಗಿ ಬರುತ್ತದೆ, ಮೇಜಿನ ಮೇಲೆ ಮುದುರಿಕೊಳ್ಳುವುದಿಲ್ಲ.

ಹಂತ 1: ರಟ್ಟಿನ ಸೇನೆ ಮಾಡಿ

ಈ ಆಟದ ಮೂಲ ತುಂಡಿಗೆ 'ಎಲಿಮೆಂಟ್' ಅಂತ ಹೆಸರು. ಒಂದು ಚಪ್ಪಟೆ ಬೇಸ್, ಅದರ ಮೇಲೆ ಸಾಮಾನ್ಯವಾಗಿ ಎರಡು, ಮೂರು ಅಥವಾ ನಾಲ್ಕು ಬೊಂಬೆ. ನಾಲ್ಕು ಬೊಂಬೆ ಅಂದರೆ ನಾಲ್ಕೇ ಜನ ಅಂತಲ್ಲ, ನೂರಾರು ಜನರ ಒಂದು ತುಕಡಿ. ಆಟದಲ್ಲಿ ಬೊಂಬೆ ಎಣಿಸುವುದೇ ಇಲ್ಲ. ನಡೆಯುವುದು, ಕಾದಾಡುವುದು, ಸಾಯುವುದು ಎಲ್ಲ ಬೇಸ್ ಲೆಕ್ಕದಲ್ಲಿ.

15 ಮಿಲಿಮೀಟರ್ ಬೊಂಬೆಗೆ ಎಲ್ಲ ಬೇಸ್‌ಗಳ ಅಗಲ 40 ಮಿಲಿಮೀಟರ್. ಈ ಅಗಲವೇ ಆಟದ ಅಳತೆಗೋಲು, 'ಬೇಸ್ ಅಗಲ' ಅಂತ ಪುಸ್ತಕ ಮತ್ತೆ ಮತ್ತೆ ಹೇಳುವುದು ಇದನ್ನೇ. ಆಳ ಮಾತ್ರ ತುಕಡಿಯ ಜಾತಿಗೆ ತಕ್ಕಂತೆ ಬದಲಾಗುತ್ತದೆ.

ಮೊದಲ ಸೇನೆಯಾಗಿ ಪಾಲಿಬಿಯನ್ ರೋಮನ್ ತೆಗೆದುಕೊಳ್ಳಿ. ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಜೊತೆ ಕಾದಾಡಿದ ರೋಮ್ ಇದು, ಪುಸ್ತಕದ ಸೇನೆಗಳ ಪಟ್ಟಿಯಲ್ಲಿ ಇದರ ಸಂಖ್ಯೆ II/33. ಇದರಲ್ಲಿರುವುದು ಹೀಗೆ:

- ಕ್ಯಾವಲ್ರಿ, ಅಂದರೆ ಕುದುರೆ ಪಡೆ: 2. ಇದರಲ್ಲೊಂದು ಸೇನಾಪತಿಯದು. 40 × 30 ಮಿಲಿಮೀಟರ್.
- ಬ್ಲೇಡ್, ಅಂದರೆ ಕತ್ತಿ ಹಿಡಿದ ಭಾರಿ ಕಾಲಾಳು: 6. 40 × 15.
- ಸ್ಪಿಯರ್, ಅಂದರೆ ಈಟಿಯವರು: 2. 40 × 15.
- ಸೈಲೋಯ್, ಅಂದರೆ ಓಡಾಡುತ್ತಾ ಭರ್ಜಿ ಎಸೆಯುವ ಹಗುರ ಪಡೆ: 2. 40 × 20.

ಇಂಥದ್ದೇ ಎರಡು ಸೇನೆ ಕತ್ತರಿಸಿ, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಎರಡೂ ಕಡೆ ರೋಮನ್ನರೇ ಯಾಕೆ ಅಂತ ಕೇಳಬಹುದು. ಕಲಿಯುವಾಗ ಎರಡೂ ಕಡೆ ಒಂದೇ ಥರ ಇದ್ದರೆ, ಸೋತಾಗ ಸೇನೆ ಸರಿ ಇಲ್ಲ ಅನ್ನುವ ಮಾತೇ ಬರುವುದಿಲ್ಲ. ಯಾವ ನಡೆಯಿಂದ ಸೋತೆವು ಅನ್ನೋದು ಕಣ್ಣಿಗೆ ಕಾಣುತ್ತದೆ. ಮೇಲಾಗಿ ರೋಮ್ ತನ್ನೊಳಗೇ ಸಾಕಷ್ಟು ಹೊಡೆದಾಡಿಕೊಂಡಿದೆ, ಇತಿಹಾಸಕ್ಕೇನೂ ಮೋಸ ಆಗುವುದಿಲ್ಲ.

ಪ್ರತಿ ರಟ್ಟಿನ ಮುಂಭಾಗಕ್ಕೆ ಒಂದು ಬಾಣದ ಗುರುತು ಹಾಕಿ. ಮರೆಯಬೇಡಿ. ಈ ಆಟದಲ್ಲಿ ತುಂಡು ಯಾವ ಕಡೆ ಮುಖ ಮಾಡಿದೆ ಅನ್ನೋದರ ಮೇಲೆ ಅರ್ಧ ಆಟ ನಿಂತಿದೆ.

ಇನ್ನೊಂದು ಉದ್ದನೆಯ ಪಟ್ಟಿ ಕತ್ತರಿಸಿ, 40 ಮಿಲಿಮೀಟರಿಗೊಂದು ಗೆರೆ ಎಳೆದು 1ರಿಂದ 5ರವರೆಗೆ ಸಂಖ್ಯೆ ಬರೆಯಿರಿ. ಆಟದಲ್ಲಿ ಅಡಿಪಟ್ಟಿಗಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಹಂತ 2: ಬರೀ ಕಾದಾಟ, ಮೂರಕ್ಕೆ ಮೂರು

ಪುಸ್ತಕದಲ್ಲಿ ಕಾದಾಟದ ಭಾಗ ಕೊನೆಯ ಕಡೆ ಬರುತ್ತದೆ. ನೀವು ಅದರಿಂದಲೇ ಶುರು ಮಾಡಿ. ಕಾದಾಟ ಹೇಗೆ ತೀರ್ಮಾನ ಆಗುತ್ತದೆ ಅಂತ ಗೊತ್ತಿಲ್ಲದೆ ನಡೆಯುವ ನಿಯಮ ಓದಿದರೆ, ಯಾಕೆ ನಡೆಯಬೇಕು ಅನ್ನೋದೇ ತಿಳಿಯುವುದಿಲ್ಲ, ಅಲ್ವಾ?

ಮೂರು ಕೆಂಪು ಬ್ಲೇಡ್‌ಗಳನ್ನು ಸಾಲಾಗಿ ಅಂಟಿಸಿದಂತೆ ಇಡಿ. ಎದುರಿಗೆ ಮೂರು ನೀಲಿ ಬ್ಲೇಡ್. ಮುಂಭಾಗಕ್ಕೆ ಮುಂಭಾಗ, ಮೂಲೆಗೆ ಮೂಲೆ ತಾಗಿರಬೇಕು.

ಪ್ರತಿ ಜಾತಿಯ ತುಕಡಿಗೂ ಎರಡು ಅಂಕ ಇವೆ. ಎದುರಾಳಿ ಕಾಲಾಳಾದರೆ ಒಂದು, ಎದುರಾಳಿ ಸವಾರನಾದರೆ ಇನ್ನೊಂದು. ಬ್ಲೇಡ್‌ಗೆ ಕಾಲಾಳಿನ ಎದುರು 5, ಸವಾರರ ಎದುರು 3. ಸ್ಪಿಯರ್‌ಗೆ 4, 4. ಕ್ಯಾವಲ್ರಿಗೆ 3, 3. ಸೈಲೋಯ್‌ಗೆ 2, 2. ಎಲ್ಲರೂ ಎಡವುವ ಜಾಗ ಇದು. ನೋಡಬೇಕಾದದ್ದು ನೀವು ಯಾರು ಅನ್ನೋದನ್ನಲ್ಲ, *ಎದುರಿಗಿರುವವನು* ಕಾಲಾಳೋ ಸವಾರನೋ ಅನ್ನೋದನ್ನು. ನಿಮ್ಮ ಬ್ಲೇಡ್ ಮೇಲೆ ಕುದುರೆ ಬಿದ್ದರೆ ನಿಮ್ಮ ಅಂಕ 5 ಅಲ್ಲ, 3.

ಇಬ್ಬರೂ ಒಂದೊಂದು ದಾಳ ಹಾಕಿ ತಮ್ಮ ಅಂಕಕ್ಕೆ ಕೂಡಿಸಿ. ಹೆಚ್ಚು ಬಂದವರು ಗೆದ್ದರು. ಸೋತವರ ಮೊತ್ತ ಗೆದ್ದವರ ಮೊತ್ತದ ಅರ್ಧಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ 'ರಿಕಾಯಿಲ್', ಅಂದರೆ ಮುಖ ತಿರುಗಿಸದೆ ಹಿಂದೆ ಸರಿಯುವುದು. ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನಾಶ, ರಟ್ಟನ್ನು ಎತ್ತಿ ಪಕ್ಕಕ್ಕಿಡಿ. 'ಸಾಮಾನ್ಯವಾಗಿ' ಅಂದದ್ದಕ್ಕೆ ಕಾರಣ ಇದೆ, ಅದು ಆರನೇ ಹಂತದಲ್ಲಿ ಬರುತ್ತದೆ.

ಈಗ ಎಡಗಡೆಯ ಜೋಡಿ ಕಾದಾಡಲಿ. ಕೆಂಪಿಗೆ 4 ಬಿತ್ತು, 5 + 4 = 9. ನೀಲಿಗೆ 2 ಬಿತ್ತು, 7. ಒಂಬತ್ತರ ಅರ್ಧ ನಾಲ್ಕೂವರೆ, 7 ಅದಕ್ಕಿಂತ ಜಾಸ್ತಿ, ಹಾಗಾಗಿ ನೀಲಿ ಹಿಂದೆ ಸರಿಯಿತು. ಬಲಗಡೆಯ ಜೋಡಿಯಲ್ಲೂ ಕೆಂಪು ಗೆದ್ದು ನೀಲಿಯನ್ನು ಹಿಂದೆ ಸರಿಸಿತು ಅನ್ನೋಣ. ಈಗ ಮಧ್ಯದ ನೀಲಿಯನ್ನು ನೋಡಿ. ಅದರ ಎರಡೂ ಪಕ್ಕದ ಗೆಳೆಯರು ಹಿಂದೆ ಹೋಗಿದ್ದಾರೆ, ಎರಡೂ ಪಕ್ಕದಲ್ಲಿ ಕೆಂಪಿನವರ ಮೂಲೆ ತಾಗಿದೆ. ಇದಕ್ಕೆ 'ಓವರ್‌ಲ್ಯಾಪ್' ಅನ್ನುತ್ತಾರೆ. ಒಂದು ಓವರ್‌ಲ್ಯಾಪಿಗೆ 1 ಅಂಕ ಕಳೆಯಬೇಕು. ಎರಡು ಕಡೆ ಇದ್ದರೆ ಬ್ಲೇಡ್‌ನ 5 ಹೋಗಿ 3 ಆಗುತ್ತದೆ.

ನೀಲಿಗೆ ದಾಳದಲ್ಲಿ 1 ಬಿತ್ತು ಅಂದುಕೊಳ್ಳಿ, ಕೆಂಪಿಗೆ 4. ನೀಲಿ 3 + 1 = 4. ಕೆಂಪು 9. ನಾಲ್ಕು ನಾಲ್ಕೂವರೆಗಿಂತ ಕಡಿಮೆ. ನೀಲಿ ನಾಶ. ಇದೇ ದಾಳ ಓವರ್‌ಲ್ಯಾಪ್ ಇಲ್ಲದೆ ಬಿದ್ದಿದ್ದರೆ 6ಕ್ಕೆ 9, ಸುಮ್ನೆ ಒಂದು ಹೆಜ್ಜೆ ಹಿಂದೆ ಹೋಗಿ ಬದುಕುತ್ತಿತ್ತು.

ಈ ಲೆಕ್ಕವನ್ನು ಕಾಗದದ ಮೇಲೆ ಪೂರ್ತಿ ಮಾಡಿ ನೋಡಿ, ಆಟದ ಗುಟ್ಟೇ ಇದರಲ್ಲಿದೆ. ಎರಡು ದಾಳಕ್ಕೆ 36 ಸಾಧ್ಯತೆ. ಬ್ಲೇಡ್‌ಗೆ ಬ್ಲೇಡ್ ಎದುರಾಗಿ ಓವರ್‌ಲ್ಯಾಪ್ ಇಲ್ಲದಿದ್ದರೆ ಒಂದರಲ್ಲೂ ಯಾರೂ ಸಾಯುವುದಿಲ್ಲ. ಅತಿ ಹೆಚ್ಚು ಬಂದರೆ 11, ಅತಿ ಕಡಿಮೆ ಬಂದರೆ 6, ಹನ್ನೊಂದರ ಅರ್ಧ ಐದೂವರೆ. ಒಂದು ಓವರ್‌ಲ್ಯಾಪ್ ಇದ್ದರೆ 36ರಲ್ಲಿ 2 ಸಲ ಸಾವು. ಎರಡು ಇದ್ದರೆ 36ರಲ್ಲಿ 6 ಸಲ, ಅಂದರೆ ಆರಕ್ಕೊಂದು. ಮುಖಾಮುಖಿ ನಿಂತು ದಾಳ ಉರುಳಿಸುತ್ತಾ ಕೂತರೆ ಸಂಜೆವರೆಗೂ ಏನೂ ಆಗುವುದಿಲ್ಲ, ಪಕ್ಕ ಸಿಕ್ಕರೆ ಮಾತ್ರ ಸೇನೆ ಒಡೆಯುತ್ತದೆ. ಕ್ರಿ.ಪೂ. 216ರಲ್ಲಿ ಕ್ಯಾನೆಯಲ್ಲಿ ಹ್ಯಾನಿಬಲ್ ತನಗಿಂತ ದೊಡ್ಡ ರೋಮನ್ ಸೇನೆಯನ್ನು ಎರಡೂ ಪಕ್ಕದಿಂದ ಸುತ್ತಿ ಮುಗಿಸಿದ್ದನ್ನು ಎಷ್ಟು ಸಲ ಓದಿದರೂ ಸಿಗದ ತಿಳಿವಳಿಕೆ ಈ ಮೂರು ರಟ್ಟಿನಲ್ಲಿ ಸಿಗುತ್ತದೆ. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದೂ ಈ ಕಾರಣಕ್ಕೇ.

ಇನ್ನೊಂದು ವಿಷಯ: ಯಾವ ಜೋಡಿ ಮೊದಲು ಕಾದಾಡಬೇಕು ಅನ್ನೋದನ್ನು ಯಾರ ಸರದಿಯೋ ಅವರು ತೀರ್ಮಾನಿಸುತ್ತಾರೆ. ಹೊಸಬರು ಎಡದಿಂದ ಬಲಕ್ಕೆ ಸುಮ್ನೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ. ಗೆದ್ದರೆ ಪಕ್ಕದವನಿಗೆ ಓವರ್‌ಲ್ಯಾಪ್ ಆಗುವಂಥ ಜೋಡಿಯನ್ನು ಮೊದಲು ಆಡಿ, ಯಾವನನ್ನು ಕೊಲ್ಲಬೇಕು ಅಂತಿದ್ದೀರೋ ಅವನನ್ನು ಕೊನೆಗೆ ಇಡಿ.

ಸೇನಾಪತಿ ಇರುವ ಎಲಿಮೆಂಟಿಗೆ 1 ಅಂಕ ಜಾಸ್ತಿ, ಗುಡ್ಡದ ಮೇಲಿಂದ ಕಾದಾಡುವವರಿಗೆ 1 ಜಾಸ್ತಿ. ಸದ್ಯಕ್ಕೆ ಇಷ್ಟು ಸಾಕು. ಗೆದ್ದ ಮೇಲೆ ಕೆಲವು ಜಾತಿಯವರು ಓಡಿಸಿಕೊಂಡು ಹೋಗಲೇಬೇಕು ಅನ್ನುವ ನಿಯಮವೂ ಇದೆ, ಅದನ್ನು ಈ ಹಂತದಲ್ಲಿ ಬಿಟ್ಟುಬಿಡಿ. ಮೂರಕ್ಕೆ ಮೂರನ್ನು ಲೆಕ್ಕ ಬಾಯಿಗೆ ಬರುವವರೆಗೆ ಆಡಿ.

ಹಂತ 3: ಪಿಪ್ ಮತ್ತು ನಡೆ

ಒಬ್ಬರ ಸರದಿಗೆ ಪುಸ್ತಕ 'ಬೌಂಡ್' ಅನ್ನುತ್ತದೆ. ಒಂದು ಬೌಂಡ್‌ನಲ್ಲಿ ನಾಲ್ಕು ಕೆಲಸ: ದಾಳ ಹಾಕಿ ಪಿಪ್ ತೆಗೆದುಕೊಳ್ಳುವುದು, ನಡೆಸುವುದು, ಬಿಲ್ಲು ಹೊಡೆಯುವುದು, ಕಾದಾಡುವುದು. ನಂತರ ಎದುರಾಳಿಯ ಬೌಂಡ್. ನಡೆಸುವುದು ಸರದಿ ಇರುವವರು ಮಾತ್ರ. ಬಿಲ್ಲು ಮತ್ತು ಕಾದಾಟ ಎರಡೂ ಕಡೆಯವರಿಗೆ. ನಿಮ್ಮ ಸರದಿಯಲ್ಲೇ ನಿಮ್ಮವರು ಸಾಯಬಹುದು, ಇದು ನೆನಪಿರಲಿ.

ಪಿಪ್ ಅಂದರೆ ಸೇನಾಪತಿಯ ಆಜ್ಞೆ ಅಂದುಕೊಳ್ಳಿ. ಬೌಂಡ್ ಶುರುವಿನಲ್ಲಿ ಒಂದು ದಾಳ ಹಾಕಿ. 4 ಬಿದ್ದರೆ ನಾಲ್ಕು ಪಿಪ್, 1 ಬಿದ್ದರೆ ಒಂದೇ. ಒಂದು ಪಿಪ್‌ಗೆ ಒಂದು ಎಲಿಮೆಂಟನ್ನು ನಡೆಸಬಹುದು, ಇಲ್ಲವೇ ಒಂದು ಇಡೀ ಗುಂಪನ್ನು. ಗುಂಪು ಅಂದರೆ ಒಂದೇ ಕಡೆ ಮುಖ ಮಾಡಿ, ಅಂಚಿಗೆ ಅಂಚು, ಮೂಲೆಗೆ ಮೂಲೆ ತಾಗಿಕೊಂಡಿರುವ ಎಲಿಮೆಂಟ್‌ಗಳು. ಆರು ಬ್ಲೇಡ್ ಸಾಲಾಗಿ ನಿಂತಿದ್ದರೆ ಆರೂ ಒಂದೇ ಪಿಪ್‌ಗೆ ಮುಂದೆ ಹೋಗುತ್ತವೆ. ಅದೇ ಸಾಲು ಮೂರು ಕಡೆ ಒಡೆದುಹೋಗಿದ್ದರೆ ಮೂರು ಪಿಪ್ ಬೇಕು. ದಾಳದಲ್ಲಿ 1 ಬಿದ್ದ ದಿನ ಎರಡು ಚೂರು ಅಲ್ಲೇ ನಿಂತಿರುತ್ತವೆ.

ಹೊಸಬರ ಅತಿ ದೊಡ್ಡ ತಪ್ಪು ಇಲ್ಲೇ ಆಗುವುದು. ಮೊದಲ ಬೌಂಡ್‌ನಲ್ಲಿ 5 ಬಿದ್ದಿತು ಅಂತ ಖುಷಿಯಾಗಿ ಐದು ತುಂಡನ್ನು ಐದು ಕಡೆ ಓಡಿಸುತ್ತಾರೆ. ಮುಂದಿನ ದಾಳದಲ್ಲಿ 2 ಬೀಳುತ್ತದೆ. ಐದು ಕಡೆ ಹಂಚಿಹೋದ ಸೇನೆಯನ್ನು ಎರಡು ಪಿಪ್‌ನಲ್ಲಿ ಯಾರೂ ಕೂಡಿಸಲಾರರು. ಪಿಪ್ ಉಳಿದರೆ ಉಳಿಯಲಿ ಬಿಡಿ, ಎಲ್ಲ ಖರ್ಚು ಮಾಡಲೇಬೇಕು ಅಂತ ಎಲ್ಲೂ ಬರೆದಿಲ್ಲ. ಮುಂದಿನ ಬೌಂಡ್‌ಗೆ ಉಳಿತಾಯ ಮಾತ್ರ ಆಗುವುದಿಲ್ಲ.

ನಿಂತಲ್ಲೇ ನಿಲ್ಲಲು ಪಿಪ್ ಬೇಡ. ಆಗಲೇ ತಾಗಿಕೊಂಡಿರುವ ಶತ್ರುವಿನ ಜೊತೆ ಕಾದಾಡಲೂ ಬೇಡ. ಸೇನಾಪತಿಯಿಂದ ತೀರ ದೂರ ಹೋದವರನ್ನು ನಡೆಸಲು ಮಾತ್ರ ಒಂದು ಪಿಪ್ ಜಾಸ್ತಿ ಕೊಡಬೇಕು. ಅದಕ್ಕೇ ಸೇನಾಪತಿಯನ್ನು ಮೂಲೆಗೆ ಕಳಿಸಬೇಡಿ.

ದೂರದ ಲೆಕ್ಕ ಹೀಗೆ: ಬಯಲಿನಲ್ಲಿ ಬ್ಲೇಡ್ ಮತ್ತು ಸ್ಪಿಯರ್ 2 ಬೇಸ್ ಅಗಲ ನಡೆಯುತ್ತವೆ, ಕ್ಯಾವಲ್ರಿ 4. ಕತ್ತರಿಸಿಟ್ಟ ಪಟ್ಟಿ ಇಲ್ಲಿ ಬೇಕಾಗುತ್ತದೆ. ಗುಂಪಾಗಿ ತಿರುಗುವಾಗ ಒಂದು ಮುಂದಿನ ಮೂಲೆ ನಿಂತಲ್ಲೇ ಇರುತ್ತದೆ, ಬಾಗಿಲು ತೆರೆದಂತೆ ಉಳಿದದ್ದು ಸುತ್ತುತ್ತದೆ. ಅಳೆಯಬೇಕಾದದ್ದು ಹೊರಗಿನ ಮೂಲೆ ಕ್ರಮಿಸಿದ ದೂರವನ್ನು. ಉದ್ದ ಸಾಲು ತಿರುಗಿಸಲು ಹೋದರೆ ಹೊರಗಿನ ಮೂಲೆಗೆ ದೂರವೇ ಸಾಲದು, ಒಂದು ಸಲ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಆರು ಬೇಸ್ ಅಗಲದ ಅಂತರದಲ್ಲಿ ನಾಲ್ಕಕ್ಕೆ ನಾಲ್ಕು ಬ್ಲೇಡ್ ಇಟ್ಟು, ಬರೀ ನಡೆದು ಹೋಗಿ ತಾಗುವುದನ್ನು ಅಭ್ಯಾಸ ಮಾಡಿ.

ಹಂತ 4: ತಾಗುವುದು, ತಡೆಯುವುದು

ಜಗಳಗಳು ಹುಟ್ಟುವುದು ಈ ಭಾಗದಲ್ಲಿ. ನಿಧಾನವಾಗಿ ಓದಿ.

ಶತ್ರುವನ್ನು ತಾಗಿದ ಮೇಲೆ ಎರಡು ಬೇಸ್‌ಗಳು ಸರಿಯಾಗಿ ಹೊಂದಿಕೊಳ್ಳಬೇಕು. ಎದುರಿನಿಂದ ತಾಗಿದರೆ ಮುಂಭಾಗಕ್ಕೆ ಮುಂಭಾಗ, ಮೂಲೆಗೆ ಮೂಲೆ. ಪಕ್ಕದಿಂದ ತಾಗಿದರೆ ನಿಮ್ಮ ಮುಂಭಾಗ ಅವರ ಪಕ್ಕಕ್ಕೆ, ಇಬ್ಬರ ಮುಂದಿನ ಮೂಲೆಗಳು ಕೂಡಿರಬೇಕು. ಸುಮ್ನೆ ಓರೆಯಾಗಿ ಚುಚ್ಚಿ ನಿಲ್ಲಿಸುವುದು ಇಲ್ಲ.

'ಥ್ರೆಟ್ ಝೋನ್' ಅನ್ನುವುದು ಪ್ರತಿ ಎಲಿಮೆಂಟಿನ ಮುಂದಿರುವ, ಅದರಷ್ಟೇ ಅಗಲದ, ಒಂದು ಬೇಸ್ ಅಗಲ ಉದ್ದದ ಚೌಕ. 40 × 40ರ ಒಂದು ತೆಳು ಕಾಗದದ ಚೌಕ ಕತ್ತರಿಸಿ ಇಟ್ಟುಕೊಳ್ಳಿ, ಅನುಮಾನ ಬಂದಾಗ ಇಟ್ಟು ನೋಡಿ. ಶತ್ರುವಿನ ಆ ಚೌಕದೊಳಗೆ ಕಾಲಿಟ್ಟ ಮೇಲೆ ನಿಮಗೆ ಬೇಕಾದಂತೆ ನಡೆಯಲು ಆಗುವುದಿಲ್ಲ. ಅವನ ಎದುರಿಗೆ ಸರಿಯಾಗಿ ನಿಲ್ಲಬಹುದು, ಅವನನ್ನು ತಾಗಬಹುದು, ಇಲ್ಲವೇ ನೇರ ಹಿಂದಕ್ಕೆ ಹೋಗಬಹುದು. ಅವನ ಮೂಗಿನ ಮುಂದೆ ಅಡ್ಡ ಹಾದು ಪಕ್ಕದವನ ಮೇಲೆ ಬೀಳುವುದು ಸಾಧ್ಯವಿಲ್ಲ. ಒಂದೇ ಒಂದು ಸೈಲೋಯ್‌ನಿಂದ ದೊಡ್ಡ ಸಾಲನ್ನು ತಡೆದು ನಿಲ್ಲಿಸಬಹುದು ಅನ್ನೋದು ಇದರಿಂದಲೇ.

ಇನ್ನು ಪಕ್ಕದ ಸಾವು. ಒಂದು ಎಲಿಮೆಂಟ್ ಎದುರಿನವನ ಜೊತೆ ಕಾದಾಡುತ್ತಿರುವಾಗ ಇನ್ನೊಬ್ಬ ಶತ್ರು ಅದರ ಪಕ್ಕಕ್ಕೆ ಅಥವಾ ಬೆನ್ನಿಗೆ ತನ್ನ ಮುಂಭಾಗ ತಾಗಿಸಿ ನಿಂತಿದ್ದರೆ, ಸೋತು ಹಿಂದೆ ಸರಿಯಬೇಕಾಗಿ ಬಂದಾಗ ಅದಕ್ಕೆ ದಾರಿ ಇರುವುದಿಲ್ಲ. ಹಿಂದೆ ಸರಿಯುವ ಬದಲು ನಾಶ. ಅರ್ಧದ ಲೆಕ್ಕವೇ ಬೇಕಿಲ್ಲ, ಒಂದು ಅಂಕದಿಂದ ಸೋತರೂ ಸಾಕು. ಕುದುರೆ ಪಡೆ ಇರುವುದೇ ಇದಕ್ಕೆ. ಎದುರಿನಿಂದ ಬ್ಲೇಡ್, ಪಕ್ಕದಿಂದ ಕ್ಯಾವಲ್ರಿ.

ಹಂತ 5: ಹನ್ನೆರಡಕ್ಕೆ ಹನ್ನೆರಡು, ಬರೀ ಬಯಲು

60 ಸೆಂಟಿಮೀಟರ್ ಚದರದ ಜಾಗಕ್ಕೆ ಹಸಿರು ಬಟ್ಟೆ ಹಾಸಿ. ಅದು 15 ಬೇಸ್ ಅಗಲ ಆಯಿತು. ಕಾಡು, ಗುಡ್ಡ, ಶಿಬಿರ ಏನೂ ಬೇಡ. ಎರಡೂ ಕಡೆ ಆರು ಬ್ಲೇಡ್ ಮಧ್ಯದಲ್ಲಿ, ಹಿಂದೆ ಸ್ಪಿಯರ್, ಒಂದೊಂದು ತುದಿಗೆ ಕ್ಯಾವಲ್ರಿ, ಸೈಲೋಯ್ ಎಲ್ಲಿ ಬೇಕಾದರೂ. ನಾಲ್ಕು ಎಲಿಮೆಂಟ್ ಕಳೆದುಕೊಂಡು, ಎದುರಾಳಿಗಿಂತ ಜಾಸ್ತಿ ಕಳೆದುಕೊಂಡವರು ಸೋತರು.

ಎದುರಿಗೆ ಆಡುವವರು ಇಲ್ಲದಿದ್ದರೆ ಒಬ್ಬರೇ ಎರಡೂ ಕಡೆ ಆಡಿ. ಪಿಪ್ ದಾಳ ಇರುವುದರಿಂದ ಒಬ್ಬರೇ ಆಡಿದರೂ ಈ ಆಟ ಸಪ್ಪೆ ಆಗುವುದಿಲ್ಲ, ಯೋಜನೆ ಹಾಕಿಕೊಂಡರೂ ದಾಳ ಒಪ್ಪಬೇಕಲ್ಲ. ನಿಯಮದ ಅನುಮಾನ ಬಂದರೆ ಆಟ ನಿಲ್ಲಿಸಬೇಡಿ. ಚೀಟಿಯಲ್ಲಿ ಬರೆದಿಡಿ, ಆಗ ಸರಿ ಅನ್ನಿಸಿದ್ದನ್ನು ಮಾಡಿ ಮುಂದೆ ಹೋಗಿ, ಮುಗಿದ ಮೇಲೆ ಪುಸ್ತಕ ತೆಗೆಯಿರಿ. ಈಗ ಆ ಬಿಗಿ ವಾಕ್ಯಗಳು ಅರ್ಥ ಆಗಲು ಶುರುವಾಗುತ್ತವೆ, ಯಾಕೆಂದರೆ ನಿಮ್ಮ ಪ್ರಶ್ನೆ ಏನು ಅಂತ ನಿಮಗೆ ಗೊತ್ತಿದೆ. ರಟ್ಟನ್ನು ಪುಸ್ತಕದ ಪಕ್ಕ ಇಟ್ಟುಕೊಂಡು ಒಂದೊಂದು ವಾಕ್ಯಕ್ಕೂ ಜೋಡಿಸಿ ನೋಡಿ.

ಹಂತ 6: ಉಳಿದ ನಿಯಮಗಳು, ಒಂದು ಆಟಕ್ಕೆ ಒಂದು

ಮೊದಲು ನೆಲ. ಕಾಡು, ಜೌಗು ಇವುಗಳಲ್ಲಿ ಕಾದಾಡುವಾಗ ಬ್ಲೇಡ್, ಸ್ಪಿಯರ್, ಕುದುರೆ ಪಡೆಗಳಿಗೆ 2 ಅಂಕ ಕಡಿಮೆ. ಸೈಲೋಯ್ ಮತ್ತು 'ಆಕ್ಸಿಲಿಯಾ' ಅನ್ನುವ ಬೆಟ್ಟಗಾಡಿನ ಕಾಲಾಳಿಗೆ ಕಡಿಮೆ ಆಗುವುದಿಲ್ಲ. ಬಯಲಲ್ಲಿ 5 ಇದ್ದ ಬ್ಲೇಡ್ ಕಾಡಲ್ಲಿ 3, ಆಕ್ಸಿಲಿಯಾ ಎಲ್ಲಿದ್ದರೂ ಕಾಲಾಳಿನ ಎದುರು 3. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬುರ್ಗ್ ಕಾಡಿನಲ್ಲಿ ರೋಮನ್ ಸೇನಾಪತಿ ವಾರಸ್‌ನ ಮೂರು ಲೀಜನ್‌ಗಳು, ಅಂದರೆ ದೊಡ್ಡ ಸೇನಾದಳಗಳು, ಹೇಗೆ ನಾಶವಾದವು ಅಂತ ಓದಿದವರಿಗೆ ಈ ನಿಯಮ ಬಾಯಿಪಾಠ ಮಾಡಬೇಕಿಲ್ಲ.

ನೆಲವನ್ನು ಜೋಡಿಸುವುದು ಯಾರು ಅನ್ನೋದಕ್ಕೂ ದಾಳ ಇದೆ. ಪ್ರತಿ ಸೇನೆಗೂ ಆಕ್ರಮಣದ ಒಂದು ಅಂಕ ಇರುತ್ತದೆ, ಅದಕ್ಕೆ ದಾಳ ಕೂಡಿಸಿ ಕಡಿಮೆ ಬಂದವರು ರಕ್ಷಕರು. ಅವರು ತಮ್ಮ ನಾಡಿಗೆ ತಕ್ಕ ನೆಲ ಹಾಕಿ ಮೊದಲು ಸೇನೆ ಇಡುತ್ತಾರೆ. ದಾಳಿಕಾರರು ಆಮೇಲೆ ಇಟ್ಟು ಮೊದಲು ನಡೆಯುತ್ತಾರೆ.

ಆಮೇಲೆ ಬಿಲ್ಲು. 'ಬೋ' ಎಲಿಮೆಂಟ್ 3 ಬೇಸ್ ಅಗಲ ದೂರಕ್ಕೆ ಹೊಡೆಯುತ್ತದೆ. ಕಾಲಾಳಿನ ಎದುರು 2, ಸವಾರರ ಎದುರು 4. ತಿರುಗಿ ಹೊಡೆಯದವನ ಮೇಲೆ ಹೊಡೆದು ಸೋತರೆ ಬಿಲ್ಲಿನವರಿಗೆ ನಷ್ಟ ಇಲ್ಲ. ಆದರೆ ಕುದುರೆ ಹತ್ತಿರ ಬಂದು ತಾಗಿ ಗೆದ್ದರೆ ಬಿಲ್ಲಿನವರು ನೇರ ನಾಶ.

ಇದೇ ನಾನು 'ಸಾಮಾನ್ಯವಾಗಿ' ಅಂದಿದ್ದ ವಿಷಯ. ಪುಸ್ತಕದಲ್ಲಿ ಯಾರು ಯಾರಿಂದ ಸೋತರೆ ಏನಾಗುತ್ತದೆ ಅನ್ನುವ ಪಟ್ಟಿ ಇದೆ. ಕೆಲವು ಜೋಡಿಗಳಲ್ಲಿ ಅರ್ಧಕ್ಕೆ ಇಳಿಯಬೇಕಿಲ್ಲ, ಸೋತರೆ ಸಾಕು ಸಾವು. ಆಟಗಾರರು ಇದಕ್ಕೆ 'ಕ್ವಿಕ್ ಕಿಲ್' ಅನ್ನುತ್ತಾರೆ. ಆನೆ ಇದಕ್ಕೆ ಒಳ್ಳೆಯ ಉದಾಹರಣೆ. ಭಾರಿ ಕಾಲಾಳನ್ನು ತುಳಿಯುವ ಆನೆ, ಬರೀ 2 ಅಂಕದ ಸೈಲೋಯ್‌ಗೆ ಸೋತರೆ ಸತ್ತೇಹೋಗುತ್ತದೆ. ಕ್ರಿ.ಪೂ. 202ರಲ್ಲಿ ಝಾಮಾದಲ್ಲಿ ರೋಮನ್ ಸೇನಾಪತಿ ಸಿಪಿಯೊ ತನ್ನ ಸಾಲುಗಳ ನಡುವೆ ಓಣಿ ಬಿಟ್ಟು, ಅಲ್ಲಿ ಹಗುರ ಪಡೆ ನಿಲ್ಲಿಸಿ ಹ್ಯಾನಿಬಲ್‌ನ ಆನೆಗಳನ್ನು ನಿಭಾಯಿಸಿದ. ಈ ಪಟ್ಟಿಯನ್ನು ಇಡಿಯಾಗಿ ಉರು ಹೊಡೆಯಬೇಡಿ. ಎರಡು ಸೇನೆಗಳಲ್ಲಿ ಇರುವ ಜಾತಿಗಳ ಸಾಲುಗಳನ್ನಷ್ಟೇ ಒಂದು ಚೀಟಿಗೆ ಬರೆದುಕೊಳ್ಳಿ.

ಓಡಿಸಿಕೊಂಡು ಹೋಗುವುದು, ಹಿಂದಿನ ಸಾಲಿನ ಬೆಂಬಲ, ಶಿಬಿರ, ನದಿ, ಇವೆಲ್ಲ ಒಂದೊಂದು ಆಟಕ್ಕೆ ಒಂದರಂತೆ ಸೇರಿಸಿ. ಎಲ್ಲವನ್ನೂ ಒಂದೇ ದಿನ ತುರುಕಿದರೆ ಯಾವುದೂ ನಿಲ್ಲುವುದಿಲ್ಲ.

ಹಂತ 7: ಈಗ ಬೊಂಬೆ

ರೋಮನ್ ಸೇನೆಗೆ ಲೆಕ್ಕ ಹಾಕಿದರೆ 36 ಕಾಲಾಳು, 6 ಸವಾರರು, ಅಷ್ಟೇ. 15 ಮಿಲಿಮೀಟರಿನ ಲೋಹದ ಬೊಂಬೆ ಹೊರದೇಶದಿಂದ ತರಿಸಬೇಕಾಗುತ್ತದೆ, ಅಂಚೆ ಖರ್ಚು ಮತ್ತು ಸುಂಕವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. 1/72 ಅಳತೆಯ ಪ್ಲಾಸ್ಟಿಕ್ ಪೆಟ್ಟಿಗೆಗಳು ಅಗ್ಗ. ಅವನ್ನು 60 ಮಿಲಿಮೀಟರ್ ಅಗಲದ ಬೇಸ್ ಮೇಲೆ ಕೂರಿಸಿ, ಮೇಜನ್ನು 90 ಸೆಂಟಿಮೀಟರಿಗೆ ದೊಡ್ಡದು ಮಾಡಿ. ನಿಯಮ ಒಂದೂ ಬದಲಾಗುವುದಿಲ್ಲ, ಬೇಸ್ ಅಗಲದ ಲೆಕ್ಕದ ಅನುಕೂಲ ಇದು.

ಬಣ್ಣ ಹಚ್ಚುವ ಮುಂಚೆ ಸೋಪಿನ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ. ಸ್ಪ್ರೇ ಪ್ರೈಮರ್ ಮತ್ತು ವಾರ್ನಿಷನ್ನು ಮಳೆಗಾಲದಲ್ಲಿ ಹೊಡೆಯಬೇಡಿ. ಕರಾವಳಿ, ಮಲೆನಾಡಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ: ತೇವದ ಗಾಳಿಯಲ್ಲಿ ವಾರ್ನಿಷ್ ಬೆಳ್ಳಗೆ ಮಂಜು ಕಟ್ಟಿ, ವಾರಗಳ ಕೆಲಸ ಹಾಳಾಗುತ್ತದೆ. ಬಿಸಿಲು ಬರುವವರೆಗೆ ಕುಂಚದಲ್ಲೇ ಹಚ್ಚಿ.

ನಮ್ಮ ಸೇನೆಗಳು ಇವೆಯಾ?

ಇವೆ. ಈ ಪ್ರಶ್ನೆ ಕೇಳದೆ ಬಿಟ್ಟ ಕನ್ನಡದವರೇ ಇಲ್ಲ. ಪೋರಸ್‌ನ ಕಾಲದ ಸೇನೆ 'ಕ್ಲಾಸಿಕಲ್ ಇಂಡಿಯನ್' ಅನ್ನುವ ಪಟ್ಟಿಯಲ್ಲಿದೆ, ಕ್ರಿ.ಪೂ. 326ರ ಝೇಲಂ ನದಿಯ ಯುದ್ಧವನ್ನು ಅಲೆಕ್ಸಾಂಡರ್‌ನ ಮ್ಯಾಸಿಡೋನಿಯನ್ನರ ವಿರುದ್ಧ ಆಡಬಹುದು. ಆಮೇಲಿನ ಕಾಲಕ್ಕೆ 'ಹಿಂದೂ ಇಂಡಿಯನ್' ಅನ್ನುವ III/10 ಪಟ್ಟಿ ಇದೆ. ಇಮ್ಮಡಿ ಪುಲಕೇಶಿ ನರ್ಮದೆಯ ಹತ್ತಿರ ಹರ್ಷವರ್ಧನನನ್ನು ತಡೆದದ್ದನ್ನು ಎರಡೂ ಕಡೆ ಇದೇ ಪಟ್ಟಿ ಇಟ್ಟುಕೊಂಡು ಆಡಬಹುದು. ಪುಲಕೇಶಿಯ ಯುದ್ಧದ ಆನೆಗಳಿಗೆ ಮದ್ಯ ಕುಡಿಸಿ ಕಳಿಸುತ್ತಿದ್ದರು ಅಂತ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಬರೆದಿದ್ದಾನೆ, ನಿಮ್ಮ ಆನೆ ಎಲಿಮೆಂಟನ್ನು ಮುಂದೆ ತಳ್ಳುವಾಗ ನೆನಪಿಸಿಕೊಳ್ಳಿ. ಆದರೆ ಆನೆ ಸೇನೆಯನ್ನು ಮೊದಲನೆಯದಾಗಿ ತೆಗೆದುಕೊಳ್ಳಬೇಡಿ. ಅದನ್ನು ಆಡಿಸಲು ಕ್ವಿಕ್ ಕಿಲ್ ಪಟ್ಟಿ ಕೈಗೆ ಹತ್ತಿರಬೇಕು.

1565ರ ತಾಳಿಕೋಟೆ ಮಾತ್ರ ಡಿಬಿಎಯಲ್ಲಿ ಸಿಗುವುದಿಲ್ಲ. ಪಟ್ಟಿಗಳು 1500ರ ಆಸುಪಾಸಿಗೆ ಮುಗಿಯುತ್ತವೆ, ಫಿರಂಗಿ ಮತ್ತು ಕೋವಿಗಳು ಯುದ್ಧವನ್ನು ತೀರ್ಮಾನಿಸುವ ಕಾಲಕ್ಕೆ ಈ ನಿಯಮಗಳನ್ನು ಬರೆದಿಲ್ಲ. ಅದಕ್ಕೆ ಇದೇ ಕುಟುಂಬದ 'ಡಿ ಬೆಲ್ಲಿಸ್ ರಿನೇಶಿಯೋನಿಸ್', ಅಂದರೆ ಡಿಬಿಆರ್ ಇದೆ. ಅದು ಇದಕ್ಕಿಂತ ದೊಡ್ಡದು, ಸೇನೆಯೂ ದೊಡ್ಡದು ಬೇಕು. ಆದರೆ ಎಲಿಮೆಂಟ್, ಪಿಪ್, ರಿಕಾಯಿಲ್ ಎಲ್ಲ ಅಲ್ಲೂ ಇವೆ. ಹನ್ನೆರಡಕ್ಕೆ ಹನ್ನೆರಡನ್ನು ಪುಸ್ತಕ ತೆಗೆಯದೆ ಆಡಿ ಮುಗಿಸಲು ಬಂದ ಮೇಲೆ ಅದನ್ನು ತರಿಸಿ.